ಮನೆಗೊಬ್ಬರು

ಫೆಬ್ರವರಿ 18, ಮಂಗಳವಾರ

ನಿನ್ನೆ ಬೆಂಗಳೂರಿನಿಂದ ಹಗರೆಗೆ ಬಂದಿಳಿದಾಗ ಸಂಜೆಯ ಹಾಲು ಹಾಕುವ ಹೊತ್ತು. ಡೈರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದವರೆಲ್ಲ ಮೊದಲು ಅಪ್ಪನ ಹೊಟ್ಟೆ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಯಾರೂ ಏನೂ ಕೇಳಲಿಲ್ಲ. ಕೇಳುವುದಕ್ಕೆ ಏನು ಉಳಿದಿದೆ? ನಮ್ಮ ಮನೆಯ ಸುದ್ದಿ ಈ ಊರಿಗೆ ನಮಗಿಂತ ಮೊದಲೇ ಗೊತ್ತಿರುತ್ತದೆ.

ಅಪ್ಪನ ಲಿವರ್ ಕೆಟ್ಟಿದೆ. ಔಷಧಿಯಲ್ಲಿ ಸರಿಹೋಗುವ ಹಂತ ದಾಟಿದೆ. ಬದುಕಿರುವವರು ಯಾರಾದರೂ ತಮ್ಮ ಲಿವರಿನ ಒಂದು ಭಾಗ ಕೊಟ್ಟರೆ ಅಪ್ಪ ಉಳಿಯುತ್ತಾರೆ. ಕೊಟ್ಟವರಿಗೆ ಅದು ಮತ್ತೆ ಬೆಳೆದುಕೊಳ್ಳುತ್ತದಂತೆ. ಸತ್ತವರದ್ದು ಸಿಕ್ಕರೆ ಸಿಗಲಿ ಎಂದು ಪಟ್ಟಿಯಲ್ಲೂ ಹೆಸರು ಬರೆಸಿದ್ದೇವೆ, ಆದರೆ ಅಪ್ಪನ ರಕ್ತ ಓ ಪಾಸಿಟಿವ್, ಆ ಸಾಲು ಬಹಳ ಉದ್ದ ಎಂದರು ಡಾಕ್ಟರು. ಅಮ್ಮ ಲಲಿತಳಿಗೆ ಬಿ.ಪಿ., ವಯಸ್ಸು ಬೇರೆ. ತಂಗಿ ನಂದಿತಾಳ ರಕ್ತ ಹೊಂದುವುದಿಲ್ಲ. ಉಳಿದವನು ನಾನೊಬ್ಬ. ಚಿದಂಬರ, ಮೂವತ್ತೇಳು ವರ್ಷ, ಓ ಪಾಸಿಟಿವ್.

ಆದರೆ ನನ್ನ ಲಿವರಿನಲ್ಲೂ ಕೊಬ್ಬಿದೆ. ನೂರಕ್ಕೆ ಇಪ್ಪತ್ತೈದು ಪಾಲು. ಹನ್ನೆರಡು ವರ್ಷದಿಂದ ಊರಿನವರ ಹಾಲಿನ ಫ್ಯಾಟ್ ಅಳೆದು ಚೀಟಿ ಕೊಡುತ್ತಿರುವ ಸೊಸೈಟಿ ಕಾರ್ಯದರ್ಶಿಗೆ ಅವನದೇ ಫ್ಯಾಟ್ ಅಳೆದು ಚೀಟಿ ಕೊಟ್ಟರು. ನನಗೆ ನಗು ಬಂತು. ಡಾಕ್ಟರು ನಗಲಿಲ್ಲ.

“ಎಂಬತ್ತಾರು ಕೆ.ಜಿ. ಇದ್ದೀರ. ಎಂಟು ಕೆ.ಜಿ. ಇಳಿಸಿ, ಲಿವರಿನ ಕೊಬ್ಬೂ ಕರಗುತ್ತೆ. ಎರಡು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡೋಣ. ಅದಕ್ಕಿಂತ ಹೆಚ್ಚು ದಿನ ನಿಮ್ಮ ತಂದೆಯವರು ಕಾಯೋಕಾಗಲ್ಲ” ಎಂದರು.

ದಿನಾ ತೂಕ ಎಷ್ಟು, ಏನು ತಿಂದೆ, ಎಷ್ಟು ನಡೆದೆ ಎಂದು ತುಂಬಲು ಒಂದು ಚಾರ್ಟು ಕೊಟ್ಟಿದ್ದಾರೆ. ಅದು ಅವರಿಗೆ. ಇದು ನನಗೆ.

ವಾರ್ಡಿನಲ್ಲಿ ತಮ್ಮನಿಗೆ ಲಿವರ್ ಕೊಟ್ಟ ಒಬ್ಬರಿದ್ದರು. ಧೈರ್ಯ ಹೇಳಲೆಂದು ಅಂಗಿ ಎತ್ತಿ ಹೊಲಿಗೆ ತೋರಿಸಿದರು. ಎದೆಗೂಡಿನ ಕೆಳಗಿನಿಂದ ಮಗ್ಗುಲಿನವರೆಗೆ ಇತ್ತು. ಒಳ್ಳೆಯ ಮನುಷ್ಯ. ನನಗೇನೂ ಹೆದರಿಕೆಯಾಗಲಿಲ್ಲ. ಕೊಡುತ್ತೇನೆ, ಅದರಲ್ಲಿ ಎರಡು ಮಾತಿಲ್ಲ.

ಫೆಬ್ರವರಿ 20, ಗುರುವಾರ

ಇದು ಶುರುವಾದದ್ದು ಚಪ್ಪಲಿಯಿಂದ. ದೀಪಾವಳಿ ಹೊತ್ತಿಗೆ ಅಪ್ಪನ ಪಾದ ಊದಿ ಚಪ್ಪಲಿ ಹತ್ತದೇ ಹೋಯಿತು. ಸಕ್ಕರೆ ಕಾಯಿಲೆ ಹದಿನೈದು ವರ್ಷದ್ದು, ಅದರದೇ ಇರಬೇಕು ಎಂದುಕೊಂಡೆವು. ಆಮೇಲೆ ಹೊಟ್ಟೆ ಬಂತು. ಕೈಕಾಲು ಕಡ್ಡಿಯಾಗಿ ಹೊಟ್ಟೆ ಮಾತ್ರ ತುಂಬಿದ ಬಸುರಿಯ ಹಾಗೆ. ಹಾಸನದಲ್ಲಿ ಸ್ಕ್ಯಾನು ಮಾಡಿದವರ ಮೊದಲ ಪ್ರಶ್ನೆ: “ಎಷ್ಟು ವರ್ಷದಿಂದ ಕುಡೀತೀರಿ?”

ಅಪ್ಪ ಜನ್ಮದಲ್ಲಿ ಹೆಂಡ ಮುಟ್ಟಿದವರಲ್ಲ. ಊರಲ್ಲಿ ಪಂಚಾಯ್ತಿ ಮಾಡಿ ಕುಡುಕರಿಗೆ ಬುದ್ಧಿ ಹೇಳುತ್ತಿದ್ದ ಪುಟ್ಟಸ್ವಾಮಿ. ಕುಡಿಯದವರಿಗೂ ಸಕ್ಕರೆ ಕಾಯಿಲೆಯಿಂದ, ಕೊಬ್ಬಿನಿಂದ ಲಿವರ್ ಗಟ್ಟಿಯಾಗಿ ಕುಗ್ಗುತ್ತದೆ ಎಂದು ದೊಡ್ಡ ಡಾಕ್ಟರು ಬಿಡಿಸಿ ಹೇಳಿದರು. ಊರಿಗೆ ಯಾರು ಬಿಡಿಸಿ ಹೇಳುತ್ತಾರೆ? ಮೊನ್ನೆ ಡೈರಿಯಲ್ಲಿ ಹಾಲು ಅಳೆಯುವಾಗ ಹಿಂದಿನಿಂದ ಒಬ್ಬ, “ಒಳಗೊಳಗೇ ಹಾಕ್ತಿದ್ರು ಅನ್ಸುತ್ತೆ” ಎಂದದ್ದು ಕೇಳಿಸಿತು. ಅವನ ಹಾಲಿಗೆ ಡಿಗ್ರಿ ಕಡಿಮೆ ಬಂತು. ನಾನೇನೂ ಮಾಡಲಿಲ್ಲ, ನೀರು ಬೆರೆಸಿದ್ದ.

ಫೆಬ್ರವರಿ 27, ಗುರುವಾರ

84.6. ಡೈರಿಯಲ್ಲಿ ಹಿಂಡಿ ಮೂಟೆ ತೂಗುವ ಕಾಟಾದ ಮೇಲೆಯೇ ನಿಲ್ಲುತ್ತೇನೆ. ಒಂದು ವಾರಕ್ಕೆ ಒಂದೂವರೆ ಕೆ.ಜಿ.! ಹೀಗೇ ಹೋದರೆ ಏಪ್ರಿಲ್‌ಗೆ ಮೊದಲೇ ಮುಟ್ಟುತ್ತೇನೆ.

ಇದರ ಶ್ರೇಯಸ್ಸು ಸೌಂದರ್ಯಳಿಗೆ ಸೇರಬೇಕು. ಮನೆಯಲ್ಲಿ ಎರಡು ಒಲೆ ಉರಿಯುತ್ತವೆ. ಒಂದರಲ್ಲಿ ಮಾವನಿಗೆ ಉಪ್ಪಿಲ್ಲದ ಸಾರು, ಇನ್ನೊಂದರಲ್ಲಿ ಗಂಡನಿಗೆ ಎಣ್ಣೆಯಿಲ್ಲದ ಪಲ್ಯ. ರಾತ್ರಿ ಅರ್ಧ ಮುದ್ದೆ, ಅಷ್ಟೇ. “ನಿಮ್ಮ ಹೊಟ್ಟೆ ಇಳಿದ್ರೆ ಮಾವನ ಹೊಟ್ಟೆ ಇಳೀತದೆ, ಸುಮ್ನೆ ತಿನ್ರಿ” ಎನ್ನುತ್ತಾಳೆ.

ಅಪ್ಪ ಎದುರಿಗೆ ಕೂತು ನಾನು ಸೌತೆಕಾಯಿ ಜಗಿಯುವುದನ್ನೇ ನೋಡುತ್ತಿದ್ದರು. “ಕಾಲೇಜಲ್ಲಿದ್ದಾಗ ನಿಂಗೆ ಎಷ್ಟು ಹಾಕಿದ್ರೂ ಸಾಲ್ತಿರಲಿಲ್ಲ” ಎಂದರು. ಆಮೇಲೆ ಎದ್ದು ಹೋದರು.

ಮಾರ್ಚ್ 2, ಭಾನುವಾರ

ಅರಸೀಕೆರೆಯಲ್ಲಿ ಮದುವೆ. ಅಪ್ಪನ ದೂರದ ನೆಂಟರು. ನಾನು ಹೋಗುವುದಿಲ್ಲ ಎಂದೇ ಇದ್ದೆ. ಅಪ್ಪ ಬಿಡಲಿಲ್ಲ.

“ನಾನಂತೂ ಹೋಗಂಗಿಲ್ಲ. ಮನೆಗೊಬ್ರಾದ್ರೂ ಹೋಗ್ದಿದ್ರೆ ಏನನ್ಕತಾರೆ? ನೀನೇ ಹೋಗಿ ಬಾ. ಮುಖ ತೋರ್ಸಿ ಓಡಿ ಬರ್ಬ್ಯಾಡ, ಕೂತು ಊಟ ಮಾಡ್ಕಂಡು ಬಾ. ಉಣ್ಣದೆ ಬಂದ್ರೆ ಅವ್ರಿಗೆ ಅವಮಾನ ಮಾಡ್ದಂಗೆ.”

ಅದು ನಿಜ. ನಮ್ಮ ಕಡೆ ಲಗ್ನಪತ್ರಿಕೆ ಮನೆಗೆ ಬಂದರೆ ಮನೆಯಿಂದ ಒಬ್ಬರು ಹೋಗಿ ಎಲೆಯ ಮುಂದೆ ಕೂರಲೇಬೇಕು. ಉಡುಗೊರೆ ಕೊಟ್ಟು ಊಟ ಬಿಟ್ಟು ಬಂದವನನ್ನು ಹತ್ತು ವರ್ಷ ನೆನಪಿಟ್ಟುಕೊಳ್ಳುತ್ತಾರೆ. ಇಷ್ಟು ವರ್ಷ ನಮ್ಮ ಮನೆಯ ಪಾಲಿನ ಊಟವನ್ನು ಅಪ್ಪ ಉಣ್ಣುತ್ತಿದ್ದರು. ಈಗ ನಾನು.

ಎರಡು ಹೋಳಿಗೆ, ಚಿರೋಟಿ, ಬಾದಾಮಿ ಹಾಲು. ಬಡಿಸುವವರಿಗೆ ಕೈ ಅಡ್ಡ ಹಿಡಿದೆ. ಅವರು ಕೈಯ ಮೇಲೇ ತುಪ್ಪ ಹಾಕುವವರು.

ಮಾರ್ಚ್ 9, ಭಾನುವಾರ

ಅದೇ ಮದುವೆಯ ಬೀಗರೂಟ, ಹಾರನಹಳ್ಳಿಯಲ್ಲಿ. ಮುದ್ದೆ, ಬೋಟಿ, ಕೈಮ ಉಂಡೆ, ಮಟನ್ ಸಾರು, ಅನ್ನ. ಮದುವೆ ಊಟಕ್ಕೆ ಹೋಗಿ ಬೀಗರೂಟಕ್ಕೆ ಹೋಗದಿರುವುದು ಹೇಗೆ?

ಮನೆಗೆ ಬಂದಾಗ ಅಪ್ಪ ಜಗಲಿಯ ಮೇಲೆ ಕಾಯುತ್ತಿದ್ದರು. ಏನೇನಿತ್ತು, ಎಷ್ಟು ಸಲ ಹಾಕಿಸಿಕೊಂಡೆ, ಬೋಟಿಗೆ ಕಾಳು ಹಾಕಿದ್ದರೋ ಇಲ್ಲವೋ, ಎಲ್ಲ ಕೇಳಿದರು. ಪಾಪ, ಬಾಯಿ ಚಪ್ಪೆಯಾಗಿದೆ, ಕೇಳಿಯಾದರೂ ರುಚಿ ನೋಡಲಿ ಎಂದು ಒಂದೊಂದಾಗಿ ಹೇಳಿದೆ. ಅವರ ಮುಖ ಅರಳಿತು.

85.4. ಊಟದ ಭಾರ, ಎರಡು ದಿನದಲ್ಲಿ ಇಳಿಯುತ್ತದೆ.

ಮಾರ್ಚ್ 14, ಶುಕ್ರವಾರ

ಹಾಸನದಲ್ಲಿ ಅಪ್ಪನ ಹೊಟ್ಟೆಯ ನೀರು ತೆಗೆಸಿದೆವು. ಮಗ್ಗುಲಿಗೆ ಸೂಜಿ ಚುಚ್ಚಿ ನಳಿಗೆ ಇಟ್ಟರು. ಹಳದಿ ನೀರು, ಆರು ಲೀಟರ್. ನಮ್ಮ ಡೈರಿಗೆ ಆರು ಲೀಟರ್ ಹಾಕುವವರು ಎಂದರೆ ಒಂದು ಒಳ್ಳೆಯ ಹಸು ಇರುವವರು. ಮನುಷ್ಯನ ಹೊಟ್ಟೆಯಲ್ಲಿ ಅಷ್ಟು ಇರುತ್ತದೆ ಎಂದು ನಂಬಲಾಗಲಿಲ್ಲ. ನಾಲ್ಕು ವಾರಕ್ಕೆ ಮತ್ತೆ ತುಂಬುತ್ತದಂತೆ.

ಅನ್ನನಾಳದ ಒಳಗೆ ರಕ್ತನಾಳ ಊದಿವೆ, ಒಡೆದರೆ ಕಷ್ಟ ಎಂದು ಕೊಳವೆ ಇಳಿಸಿ ರಬ್ಬರ್ ಬ್ಯಾಂಡು ಹಾಕಿದರು. ಒಂದು ಸಿಹಿ ಸಿರಪ್ ಬರೆದುಕೊಟ್ಟಿದ್ದಾರೆ. ದಿನಕ್ಕೆ ಎರಡು ಮೂರು ಸಲ ಭೇದಿಯಾಗಲೇಬೇಕು, ಮಲಬದ್ಧತೆಯಾದರೆ ಹೊಟ್ಟೆಯ ವಿಷ ತಲೆಗೆ ಏರಿ ಮಂಕಾಗುತ್ತದೆ, ಆದ್ದರಿಂದ ಒಂದು ದಿನವೂ ತಪ್ಪಿಸಬೇಡಿ ಎಂದರು.

ಅಮ್ಮ ವಾರ್ಡಿನ ಹೊರಗೆ ನನ್ನ ಕೈ ಹಿಡಿದುಕೊಂಡು, “ನೀನೇ ಕಣಪ್ಪ ಈಗ ಎಲ್ಲ” ಎಂದಳು. ನನಗೆ ಸಿಟ್ಟು ಬಂತು. ಯಾಕೆ ಬಂತೋ ಗೊತ್ತಿಲ್ಲ. ಬಿಸಿಲು, ಉಪವಾಸ ಬೇರೆ.

ಮಾರ್ಚ್ 22, ಶನಿವಾರ

ಮಾಲೇಕಲ್ಲಿನಲ್ಲಿ ಸೌಂದರ್ಯಳ ಅಣ್ಣನ ಮಗುವಿಗೆ ಮುಡಿ. ಬೆಟ್ಟ ಪೂರ್ತಿ ಹತ್ತಿದೆ. ಇದು ಚಾರ್ಟಿನ ನಡಿಗೆಯ ಲೆಕ್ಕಕ್ಕೆ. ಇಳಿದು ಬಂದು ಪುಳಿಯೋಗರೆ, ಸಿಹಿ ಪೊಂಗಲ್, ವಡೆ. ಹತ್ತಿದ್ದಕ್ಕೂ ತಿಂದದ್ದಕ್ಕೂ ಸರಿಹೋಗಿರಬೇಕು.

ದೇವರ ಮುಂದೆ ಅಪ್ಪನಿಗೆ ಆಯಸ್ಸು ಕೊಡು ಎಂದು ಕೇಳಿದೆ. ಹೇಗೆ ಕೊಡಬೇಕು ಎಂದು ಹೇಳಲಿಲ್ಲ.

ಮಾರ್ಚ್ 31, ಸೋಮವಾರ

ಹೊಸತೊಡಕು. ಯುಗಾದಿಯ ಮಾರನೆಯ ದಿನ ಮಾಂಸ ಬೇಯದ ಮನೆ ನಮ್ಮಲ್ಲಿ ಉಂಟೆ? ಈ ಸಲ ಬೇಡ ಎಂದು ಸೌಂದರ್ಯ ಹಟ ಹಿಡಿದಳು. ಅಪ್ಪ ಬೆಳಿಗ್ಗೆ ಐದಕ್ಕೇ ಎದ್ದು, ತಾವೇ ಕೋಲೂರಿಕೊಂಡು ಹೋಗಿ ಊರವರು ಕಡಿದು ಪಾಲು ಹಾಕಿದ ಗುಡ್ಡೆ ಬಾಡು ತಂದರು. ದಾರಿಯಲ್ಲಿ ಮೂರು ಕಡೆ ಕೂತರಂತೆ.

“ನಾನ್ ತಿನ್ನಂಗಿಲ್ಲ ಅಂತ ಮನೆ ಹಬ್ಬ ನಿಲ್ಸಕಾಗ್ತದಾ? ಹಾಕು ಅವ್ನಿಗೆ, ಆ ನಲ್ಲಿ ಮೂಳೆ ಹಾಕು” ಎಂದು ಅಮ್ಮನಿಗೆ ಹೇಳುತ್ತ ನನ್ನ ಪಕ್ಕದಲ್ಲೇ ಕೂತಿದ್ದರು. ಸೌಂದರ್ಯ ಪಾತ್ರೆ ಕುಕ್ಕಿ ಒಳಗೆ ಹೋದಳು. ನಾನು ಅಪ್ಪನ ಮನಸ್ಸು ನೋಯಿಸಬಾರದೆಂದು ತಿಂದೆ.

87.1. ಚಾರ್ಟಿನಲ್ಲಿ 82 ಎಂದು ಬರೆದೆ. ಸೌಂದರ್ಯ ದಿನಾ ಅದನ್ನು ನೋಡುತ್ತಾಳೆ, ಅವಳಿಗೆ ಬೇಜಾರಾಗಬಾರದು. ಕೊನೆಯ ಎರಡು ವಾರ ಬರೀ ಮಜ್ಜಿಗೆಯಲ್ಲಿದ್ದು ಸರಿಮಾಡುತ್ತೇನೆ.

ಏಪ್ರಿಲ್ 6, ಭಾನುವಾರ

ನಿನ್ನೆಯಿಂದ ಅಪ್ಪ ಸರಿಯಿರಲಿಲ್ಲ. ಮನೆಗೆ ನೆಂಟರು ಬಂದಿದ್ದಾಗ ಪದೇಪದೇ ಕಕ್ಕಸಿಗೆ ಓಡುವುದು ಸಂಕೋಚವೆಂದು ಎರಡು ದಿನ ಸಿರಪ್ಪನ್ನು ಗಿಡದ ಬುಡಕ್ಕೆ ಚೆಲ್ಲಿದ್ದರಂತೆ. ಬೆಳಿಗ್ಗೆ ನೋಡಿದರೆ ಅಂಗಿ ಹಿಂದುಮುಂದಾಗಿ ಹಾಕಿಕೊಂಡು ಹಾಸಿಗೆಯ ಮೇಲೆ ಕೂತಿದ್ದಾರೆ. ಚಾಚಿದ ಕೈ ರೆಕ್ಕೆ ಬಡಿದ ಹಾಗೆ ಅದುರುತ್ತಿತ್ತು.

ನನ್ನನ್ನು ನೋಡಿ, “ಯಾವಾಗ್ ಬಂದ್ಲಾ ಸಣ್ಣಯ್ಯ?” ಎಂದರು. ಸಣ್ಣಯ್ಯ ಹಳೇಬೀಡಿನವರು, ಅಪ್ಪನ ಶಾಲೆಯ ಗೆಳೆಯರು. ನಾನು ಚಿದಂಬರ ಎಂದೆ. ಕೇಳಿಸಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ದನಿ ತಗ್ಗಿಸಿದರು.

“ನಮ್ ಹುಡ್ಗ ಹೆದ್ರಿಕಂಡವ್ನೆ ಕಣ್ಲಾ. ಆಸ್ಪತ್ರೇಲಿ ಯಾರೋ ಹೊಲಿಗೆ ತೋರ್ಸಿದ್ರು, ಅವತ್ತಿಂದ ಮಕದಲ್ಲಿ ರಕ್ತ ಇಲ್ಲ. ಕೊಡಲ್ಲ ಅನ್ನಕ್ಕೆ ಅವ್ನಿಗೆ ಬಾಯಿಲ್ಲ. ನಾನೇ ಬ್ಯಾಡ ಅಂದ್ರೆ ಲಲಿತ ಬಿಡಲ್ಲ. ಅವ್ನು ಬ್ಯಾಡ ಅಂದ್ರೆ ಊರು ಬಿಡಲ್ಲ, ಸಾಯೋಗಂಟ ಆಡ್ಕತದೆ. ಅದ್ಕೇ ಎಲ್ ಊಟ ಇದ್ರೂ ಕಳಿಸ್ತಾ ಇವ್ನಿ. ಡಾಕ್ಟ್ರೇ ಆಗಲ್ಲ ಅಂದ್ಬುಟ್ರೆ ಯಾರ್ ಮೇಲೂ ತಪ್ಪು ಬರಲ್ಲ. ನೀನು ಯಾರ್‍ಗೂ ಹೇಳ್ಬ್ಯಾಡ.”

“ಹೇಳಲ್ಲ” ಎಂದೆ.

ಏಪ್ರಿಲ್ 7, ಸೋಮವಾರ

ಹಾಸನಕ್ಕೆ ಕರೆದೊಯ್ದು ಎನಿಮಾ ಕೊಡಿಸಿ, ಸಿರಪ್ ಹೆಚ್ಚಿಸಿದ ಮೇಲೆ ಅಪ್ಪ ತಿಳಿಯಾದರು. ನಿನ್ನೆಯದು ಏನೂ ನೆನಪಿಲ್ಲ. ಡಾಕ್ಟರು ಹೇಳಿದರು, ಆ ಸ್ಥಿತಿಯಲ್ಲಿ ಏನೇನೋ ಮಾತಾಡುತ್ತಾರೆ, ತಲೆಗೆ ಹಚ್ಚಿಕೊಳ್ಳಬೇಡಿ ಎಂದು.

ಹಚ್ಚಿಕೊಂಡಿಲ್ಲ.

ಏಪ್ರಿಲ್ 10, ಗುರುವಾರ

ಮೂರು ದಿನ ಬರೀ ಮಜ್ಜಿಗೆ, ತರಕಾರಿ. 86.2. ಇನ್ನು ಹನ್ನೊಂದು ದಿನ. ಪೂರ್ತಿ ಇಳಿಯದಿದ್ದರೂ ಇಳಿಯುತ್ತಿದೆ ಎಂದು ಗೊತ್ತಾದರೆ ಡಾಕ್ಟರು ಇನ್ನೊಂದಿಷ್ಟು ಟೈಮ್ ಕೊಟ್ಟಾರು.

ಏಪ್ರಿಲ್ 13, ಭಾನುವಾರ

ಹಳೇಬೀಡಿನಲ್ಲಿ ಸಣ್ಣಯ್ಯನವರ ಮೊಮ್ಮಗಳ ನಾಮಕರಣ. ಅಪ್ಪ ಹೋಗು ಎಂದರು. ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ, ಕೋಲಿನ ತುದಿಯಿಂದ ನೆಲ ಕೆರೆಯುತ್ತಿದ್ದರು. “ಮನೆಗೊಬ್ರು ಹೋಗ್ಬೇಕಲ್ಲಪ್ಪ” ಎಂದರು. ಆಗಲಿ ಎಂದೆ.

ಸುಮ್ಮನೆ ಮಗುವಿಗೆ ಉಡುಗೊರೆ ಕೊಟ್ಟು, ಆಸ್ಪತ್ರೆಯ ಪಥ್ಯ ಎಂದು ಹೇಳಿ ಬಂದುಬಿಡೋಣ ಅಂದುಕೊಂಡೇ ಬಸ್ಸು ಹತ್ತಿದ್ದೆ. ಸಣ್ಣಯ್ಯ ಬಾಗಿಲಲ್ಲೇ ಕೈ ಹಿಡಿದರು.

“ನಿಮ್ಮಪ್ಪ ಬೆಳಿಗ್ಗೇನೇ ಫೋನ್ ಮಾಡಿದ್ದ ಕಣೋ. ಹುಡ್ಗ ಬತ್ತಾನೆ, ನಿಂತ್ಕಂಡು ಬಡಿಸು, ಸಾಕು ಅಂದ್ರೆ ಕೇಳ್ಬ್ಯಾಡ ಅಂದ. ಅಲ್ಲ, ನೀನು ಸಣ್ಣ ಆಗ್ಬೇಕು ಅಂತ ನಂದಿತಾ ಹೇಳ್ತಿದ್ಲಲ್ಲ?”

“ಒಂದು ದಿನಕ್ಕೆ ಏನೂ ಆಗಲ್ಲ ಬಿಡಿ” ಎಂದೆ.

ಕೂತೆ. ಸಣ್ಣಯ್ಯ ನಿಂತು ಬಡಿಸಿದರು. ಮೂರು ಸಲ ಹಾಕಿಸಿಕೊಂಡೆ. ಕೊನೆಗೆ ಉಸಿರಾಡುವುದೂ ಕಷ್ಟವಾಯಿತು, ಆದರೂ ಪಾಯಸದ ಲೋಟ ಬಂದಾಗ ಕೈ ಅಡ್ಡ ಹಿಡಿಯಲಿಲ್ಲ. ಯಾರೂ ಒತ್ತಾಯ ಮಾಡಿರಲಿಲ್ಲ ಆಗ. ಸಣ್ಣಯ್ಯ ಬೇರೆ ಸಾಲಿಗೆ ಹೋಗಿದ್ದರು.

ಏಪ್ರಿಲ್ 17, ಗುರುವಾರ

ನನಗೆ ಭಯ.

ಬರೆದುಬಿಟ್ಟೆ. ಮಲಗಿದರೆ ಆ ಹೊಲಿಗೆ ಕಾಣುತ್ತದೆ. ಮತ್ತು ಹಾಕಿಸಿಕೊಳ್ಳುವ ಒಪ್ಪಿಗೆಯ ಸಹಿ: ಸಾವಿರಕ್ಕೆ ಇಷ್ಟು ಜನ ಕೊಟ್ಟವರೂ ಸಾಯುತ್ತಾರೆ ಎಂದು ಅವರೇ ಓದಿ ಹೇಳಿದರು. ಬಹಳ ಕಡಿಮೆ. ಆದರೆ ಆ ಕಡಿಮೆ ಜನರಿಗೂ ಹಗರೆಯಂಥ ಊರಿತ್ತು, ಹೆಂಡತಿ ಇದ್ದಳು. ಅಪ್ಪ ಸಾಯುತ್ತಾರೆ ಎನ್ನುವುದಕ್ಕಿಂತ ನಾನು ಸಾಯಬಹುದು ಎನ್ನುವುದೇ ದೊಡ್ಡದಾಗಿ ಕಾಣುತ್ತಿದೆ. ಇದನ್ನು ಯಾರಿಗೆ ಹೇಳುವುದು? ಗೊತ್ತಿರುವವರು ಒಬ್ಬರೇ, ಅವರೇ ಸಾಯುತ್ತಿರುವವರು.

ಚಾರ್ಟಿನಲ್ಲಿ 79 ಎಂದು ಬರೆದೆ. ನೀರು ಬೆರೆಸಿದ ಹಾಲನ್ನು ಲ್ಯಾಕ್ಟೋಮೀಟರ್‌ಗೆ ಕೊಡುವವರು ಏನೆಂದುಕೊಂಡು ಕೊಡುತ್ತಾರೆ ಎಂದು ಯೋಚಿಸುತ್ತಿದ್ದೆ. ಈಗ ಗೊತ್ತು. ಏನೂ ಅಂದುಕೊಳ್ಳುವುದಿಲ್ಲ.

ಏಪ್ರಿಲ್ 22, ಮಂಗಳವಾರ

ನಿನ್ನೆ ಬೆಂಗಳೂರು. ಅವರ ಕಾಟಾದಲ್ಲಿ 88. ಸ್ಕ್ಯಾನಿನಲ್ಲಿ ಕೊಬ್ಬು ಮೂವತ್ತೆರಡು. ಡಾಕ್ಟರು ಚಾರ್ಟು ನೋಡಿದರು, ನನ್ನನ್ನು ನೋಡಿದರು, ಮತ್ತೆ ಚಾರ್ಟು ನೋಡಿದರು.

“ಇದರಲ್ಲಿ ಎಪ್ಪತ್ತೊಂಬತ್ತು ಅಂತ ಇದೆಯಲ್ಲ ಚಿದಂಬರ?”

ನಾನು ಬಾಯಿ ತೆರೆಯುವುದರೊಳಗೆ ಅಪ್ಪ, “ನಮ್ದು ಹಳ್ಳಿ ಕಾಟಾ ಸಾರ್, ಹಿಂಡಿ ತೂಗಿ ತೂಗಿ ಕೆಟ್ಟೋಗೈತೆ. ಹುಡ್ಗ ಎರಡು ತಿಂಗ್ಳು ಸರ್ಯಾಗ್ ಉಂಡಿಲ್ಲ. ಅವನ ಮೈ ಪ್ರಕೃತಿನೇ ಅಂಗೆ” ಎಂದರು. ಅವರ ಬಾಯಲ್ಲಿ ಸುಳ್ಳು ಕೇಳಿದ್ದು ನನಗೆ ಅದೇ ಮೊದಲು.

ಡಾಕ್ಟರು ಚಾರ್ಟು ಮಡಚಿ ನನ್ನ ಕೈಗೆ ಕೊಟ್ಟರು. ಆಮೇಲೆ, ಈ ಲಿವರ್ ತೆಗೆದುಕೊಳ್ಳಲು ಬರುವುದಿಲ್ಲ, ಪಟ್ಟಿಯಲ್ಲಿ ಕಾಯೋಣ ಎಂದರು.

ಸಮಾಧಾನವಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಮೈಯೆಲ್ಲ ಹಗುರಾಯಿತು. ಕಾರಿಡಾರಿನಲ್ಲಿ ಅಳು ಬಂತು. ಅಪ್ಪ ಬೆನ್ನು ಸವರಿದರು. ನೋಡಿದವರು ಬೇರೆ ಏನೋ ತಿಳಿದುಕೊಂಡಿರಬೇಕು.

ರೈಲಿಳಿದು ಅರಸೀಕೆರೆಯಲ್ಲಿ ಹೋಟೆಲಿಗೆ ಹೋದೆವು. ಅಪ್ಪ ಮನೆಯಿಂದ ತಂದ ಉಪ್ಪಿಲ್ಲದ ಮೊಸರನ್ನ ಎರಡು ತುತ್ತು ತಿಂದು ಮುಚ್ಚಿಟ್ಟರು. ನಾನು ದೋಸೆ ತಿಂದೆ.

“ಅಪ್ಪ, ನಾನು ಬೇಕಂತಲೇ...”

“ಯಾರ್‍ಗೂ ಹೇಳ್ಬ್ಯಾಡ. ನಿಮ್ಮಮ್ಮಂಗಂತೂ ಹೇಳ್ಲೇಬ್ಯಾಡ” ಎಂದರು. ಆಮೇಲೆ ಮಾಣಿಯನ್ನು ಕರೆದು, “ಇನ್ನೊಂದ್ ದೋಸೆ ಕೊಡಪ್ಪ ಇವ್ನಿಗೆ” ಎಂದರು.

ತಿಂದೆ. ಹಸಿವಾಗಿತ್ತು.

ಮೇ 4, ಭಾನುವಾರ

ಡೈರಿಯಲ್ಲಿ ಎಲ್ಲರೂ ಒಳ್ಳೆಯ ಮಾತಾಡುತ್ತಾರೆ. “ಕೊಡಕ್ಕೆ ರೆಡಿ ಇದ್ದ, ಡಾಕ್ಟ್ರೇ ಒಪ್ಪಲಿಲ್ಲಂತೆ” ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಅಪ್ಪ ಜಗಲಿಯ ಮೇಲೆ ಕೂತು ದಾರಿಯಲ್ಲಿ ಹೋಗುವವರಿಗೆಲ್ಲ ಹೇಳಿದ್ದಾರೆ. ಹಿಂದೆ ಅಪ್ಪ ಕುಡಿಯುತ್ತಿದ್ದರು ಎಂದವನೂ ಬಂದು ನನ್ನ ಕೈ ಕುಲುಕಿದ. ಮೊದಲೆರಡು ದಿನ ಮೈ ಉರಿಯಿತು. ಈಗ ಅಷ್ಟಿಲ್ಲ.

ಮೇ 20, ಮಂಗಳವಾರ

ಅಪ್ಪನ ಕಣ್ಣು ಅರಿಶಿನದಂತಾಗಿವೆ. ಹೊಟ್ಟೆಯ ನೀರು ಈಗ ಹತ್ತೇ ದಿನಕ್ಕೆ ತುಂಬುತ್ತದೆ. ಕಿಡ್ನಿಯೂ ಸೋಲುತ್ತಿದೆಯಂತೆ.

ಇವತ್ತು ಸ್ನಾನ ಮಾಡಿಸುವಾಗ ಹೇಳಿದೆ: “ಅಪ್ಪ, ಇನ್ನೊಂದು ಸಲ ಟೈಮ್ ಕೇಳ್ತೀನಿ. ಈ ಸಲ ನಿಜವಾಗ್ಲೂ ಇಳಿಸ್ತೀನಿ.”

ನೀರಿನ ಚೊಂಬು ಹಿಡಿದ ನನ್ನ ಕೈಯನ್ನೇ ನೋಡಿದರು. “ನೀರು ತಣ್ಣಗೈತೆ, ಬೇಗ ಹುಯ್ಯಿ” ಎಂದರು.

ಕೇಳಬೇಕಾದ ಹೊತ್ತು ಕಳೆದ ಮೇಲೆ ಕೇಳಿದೆ ಎಂದು ಇಬ್ಬರಿಗೂ ಗೊತ್ತಿತ್ತು.

ಜೂನ್ 4, ಬುಧವಾರ

ನಿನ್ನೆ ಬೆಳಿಗ್ಗೆ ರಕ್ತ ಕಾರಿದರು. ಬಕೆಟ್ಟು ತುಂಬ. ಹಾಸನ ಮುಟ್ಟುವವರೆಗೆ ಪ್ರಾಣ ಇತ್ತು.

ಜೂನ್ 13, ಶುಕ್ರವಾರ

ಹನ್ನೊಂದನೆಯ ದಿನದ ತಿಥಿ ಮುಗಿಯಿತು. ಊರಿನ ಎಲ್ಲ ಮನೆಯವರೂ ಬಂದು ಉಂಡು ಹೋದರು. ಸಣ್ಣಯ್ಯನವರು ಮಾತ್ರ ಎಲೆಯ ಮುಂದೆ ಕೂತು ತುತ್ತು ಎತ್ತಲಾಗದೆ ಎದ್ದರು.

ಸಂಜೆ ಮನೆಯವರಷ್ಟೇ ಕೂತೆವು. ಅಮ್ಮ ನೆಂಟರಿಗೆ ಹೇಳುತ್ತಿದ್ದಳು: “ನನ್ ಮಗ ಅವರಪ್ಪನಿಗೋಸ್ಕರ ಎರಡು ತಿಂಗ್ಳು ಹೊಟ್ಟೆಗಿಲ್ದೆ ಇದ್ದ. ದೇವ್ರು ಒಪ್ಪಲಿಲ್ಲ.” ಸೌಂದರ್ಯ ತಲೆಯೆತ್ತಲಿಲ್ಲ. ಚಾರ್ಟು ಅವಳ ಬಳಿ ಇದೆ.

ನಂದಿತಾ ಬಡಿಸುತ್ತಿದ್ದಳು. ನನ್ನ ಮುಂದೆ ಬಂದಾಗ ಅಲ್ಲೇ ಕುಕ್ಕರಿಸಿದಳು. “ನನ್ನ ರಕ್ತ ಹೊಂದಿದ್ರೆ ನಾನೇ ಕೊಟ್ಟುಬಿಡ್ತಿದ್ದೆ ಅಣ್ಣ. ನೀನಾದ್ರೂ ಅಷ್ಟು ಕಷ್ಟಪಟ್ಟೆಯಲ್ಲ. ಅಪ್ಪಂಗೆ ಅದು ಗೊತ್ತಿತ್ತಾ?”

“ಎಲ್ಲ ಗೊತ್ತಿತ್ತು” ಎಂದೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಎಲೆಗೆ ಇನ್ನೊಂದು ಮುದ್ದೆ ಹಾಕಿದಳು.